ನಲವತ್ತನೆಯ ಹೆಸರು

ಆಗಸ್ಟ್ 21, ಭಾನುವಾರ

ಇವತ್ತು ಮೈಕಿನ ಮುಂದೆ ನನ್ನ ಮರ್ಯಾದೆ ಹೋಯಿತು. ಮೂವತ್ತು ವರ್ಷಗಳಲ್ಲಿ ಮೊದಲ ಸಲ. ನಾಳೆಯಿಂದ ಈ ಸಂಗತಿ ಬಾಯಿಂದ ಬಾಯಿಗೆ ಹೋಗುತ್ತ ಬೆಳೆಯುತ್ತದೆ. ಅಸಲು ಎಷ್ಟಿತ್ತು ಎಂಬುದು ಒಂದು ಕಡೆಯಾದರೂ ಇರಲಿ ಎಂದು ಬರೆದಿಡುತ್ತಿದ್ದೇನೆ. ಇದು ನಾನು ಮುಕಾದಮನಾಗಿ ಕೂಲಿಯವರನ್ನು ನೋಡಿಕೊಳ್ಳುತ್ತಿದ್ದ ಕಾಲದ ಹಾಜರಿ ಪುಸ್ತಕ. ಮುಂದಿನ ಹಾಳೆಗಳಲ್ಲಿ ಗೌಂಡಿಗಳ, ಕೂಲಿಯವರ ಹೆಸರುಗಳಿವೆ. ಹಿಂದಿನ ಖಾಲಿ ಹಾಳೆಗಳಲ್ಲಿ ನಾನಿದ್ದೇನೆ.

ಹೊಸ ಶಾಸಕಿ ಮೃಣಾಲಿನಿ ಕೇರ್ಕರ್ ಗೆದ್ದ ಮೇಲೆ ಮೊದಲ ಬಾರಿ ನಮ್ಮ ಖಣಿವಾಡಾಕ್ಕೆ ಬಂದಿದ್ದರು. ಚಿರೆಕಲ್ಲು ತೆಗೆದು ಬಿಟ್ಟ ಖಣಿಯ ಸುತ್ತ, ಗುಡ್ಡದ ನೆತ್ತಿಯಲ್ಲಿ ನಾವು ಮುನ್ನೂರು ಮನೆ, ಎಲ್ಲ ವಿಜಯಪುರ, ಬಾಗಲಕೋಟೆ ಕಡೆಯಿಂದ ಈ ಕೊಂಕಣಿ ಸೀಮೆಗೆ ದುಡಿಯಲು ಬಂದವರು. ಯಾವ ಶಾಸಕರು ಬಂದರೂ ಅವರ ಕೊಂಕಣಿಯನ್ನು ಮೈಕಿನಲ್ಲಿ ಕನ್ನಡ ಮಾಡಿ ಹೇಳುವವನು ನಾನು. ಜನ ಸೇರಿಸುವವನೂ ನಾನು. ಶಾಸಕಿಯನ್ನು ಇಲ್ಲಿ ಎಲ್ಲರೂ ಬಾಯಿ ಎನ್ನುತ್ತಾರೆ. ಬಾಯಿಯವರ ಕಡೆಯವರಿಗೆ ಐನೂರು ಜನ ಎಂದು ಹೇಳಿದ್ದೆ. ವೇದಿಕೆಯ ಮೇಲಿಂದ ಎಣಿಸಿದಾಗ ಇನ್ನೂರ ಹದಿನಾಲ್ಕು. ನನ್ನ ಕಸುಬಿನಲ್ಲಿ ಇದಕ್ಕೆ ಸುಳ್ಳು ಎನ್ನುವುದಿಲ್ಲ, ಪದ್ಧತಿ ಎನ್ನುತ್ತಾರೆ.

ಬಾಯಿ ಮೂರೇ ಮಾತು ಹೇಳಿದರು. ಸಮುದಾಯ ಭವನಕ್ಕೆ ಚಾವಣಿ ಹಾಕಿಸುವುದು. ಖಣಿವಾಡಾದಿಂದ ಕೆಳಗಿನ ಇಂಡಸ್ಟ್ರಿಯಲ್ ಎಸ್ಟೇಟಿಗೆ ಬೆಳಗಿನ ಬಸ್ಸು. ಮೂರನೆಯದು, ತಮ್ಮ ಕಚೇರಿಗೆ ಯಾರೂ ಯಾರ ವಶೀಲಿಯೂ ಇಲ್ಲದೆ ಬರಬಹುದು, ಟೋಕನ್ ತೆಗೆದುಕೊಂಡು ಕೂತರೆ ಸಾಕು. ಈ ಮೂರನೆಯದು ನೇರ ನನ್ನ ಕಾಲಿನ ಮೇಲೆ ಬಿದ್ದ ಕಲ್ಲು. ಇಲ್ಲಿ ರಹಿವಾಸಿ ದಾಖಲೆಯಿಂದ ರೇಷನ್ ಕಾರ್ಡಿನವರೆಗೆ ಎಲ್ಲವೂ ನನ್ನ ಮನೆಯ ಅಂಗಳದಿಂದಲೇ ಹೋಗುತ್ತಿದ್ದದ್ದು.

ಜನ ಚಪ್ಪಾಳೆ ತಟ್ಟಲಿಲ್ಲ. ಉಪ್ಪಿಲ್ಲದ ಅಡುಗೆ. ಎಂದಿನಂತೆ ನಾನು ಒಗ್ಗರಣೆ ಹಾಕಿದೆ: “ಬಾಯಿಯವ್ರು ಹೇಳಾಕತ್ತಾರ, ವರ್ಷದೊಳಗ ನಿಮ್ಮ ಎಲ್ಲಾರ ಮನಿಗೂ ಪಟ್ಟಾ ಬರತೈತಿ!”

ಚಪ್ಪಾಳೆ ಬಿತ್ತು. ಬಾಯಿ ತಿರುಗಿ ನನ್ನನ್ನು ನೋಡಿ, ಕೈ ಚಾಚಿ ಮೈಕು ಇಸಿದುಕೊಂಡರು. ಅಚ್ಚ ಕನ್ನಡದಲ್ಲಿ ಹೇಳಿದರು: “ಪಟ್ಟಾದ ಮಾತು ನಾನು ಆಡಿಲ್ಲ. ಅದು ನನ್ನ ಕೈಯಾಗ ಇಲ್ಲ. ಗೋಪಪ್ಪನವರು ತಮ್ಮ ಕಡಿಂದ ಸೇರಿಸ್ಯಾರ. ಅವರೇ ಅದನ್ನ ವಾಪಸ್ ತಗೋತಾರ.”

ಮೈಕು ನನ್ನ ಕೈಗೆ ಬಂತು. ಬಾಯಿ ಬೆಳಗಾವಿಯಲ್ಲಿ ಕಲಿತವರಂತೆ. ಈ ಒಂದು ಸುದ್ದಿ ನನಗೆ ಯಾರೂ ಕೊಟ್ಟಿರಲಿಲ್ಲ.

ವಾಪಸ್ ತೆಗೆದುಕೊಂಡೆ. ಗುಳಿಗೆ ಪ್ಯಾಕ್ ಮಾಡುವ ಕಾರ್ಖಾನೆಯ ನಂದಾ ಮುಂದಿನ ಸಾಲಿನಲ್ಲಿ ಕೂತಿದ್ದಳು. “ಗೋಪಣ್ಣಾ, ಇವತ್ತಿಂದಷ್ಟ ವಾಪಸ್ಸೋ, ಹಿಂದಿಂದೂ ಹಿಡದೋ?” ಎಂದಳು. ಇನ್ನೂರ ಹದಿನಾಲ್ಕು ಮಂದಿ ನಕ್ಕರು. ಇದನ್ನು ಮಾತ್ರ ಐನೂರು ಎಂದು ಬರೆದರೂ ತಪ್ಪಾಗಲಿಕ್ಕಿಲ್ಲ.

ಮನೆಯಾಕೆ ರೊಟ್ಟಿ ಇಟ್ಟು ಗೋಡೆ ಹಿಡಿದು ಒಳಗೆ ಹೋದಳು. ಮೊಣಕಾಲು ಬಾತು ಎರಡು ತಿಂಗಳಿಂದ ಗೇರುಬೀಜದ ಕಾರ್ಖಾನೆಗೆ ಹೋಗಿಲ್ಲ. ಒಂದು ಲೆಕ್ಕಕ್ಕೆ ಚಲೋ ಆಯಿತು. ಬೆಳಿಗ್ಗೆ ಏಳುವಷ್ಟರಲ್ಲಿ ಬಿಸಿ ಚಹಾ ಸಿಗುತ್ತದೆ.

ಆಗಸ್ಟ್ 25, ಗುರುವಾರ

ಬಾಯಿ ಹೇಳಿ ಕಳಿಸಿದರು. ಹೋದರೆ ನನಗೂ ಟೋಕನ್. ಹದಿನೇಳನೆಯದು. ನನ್ನ ಹಿಂದೆ ಹದಿನೆಂಟನೆಯವಳಾಗಿ ಥಾವರಿಬಾಯಿ, ಕಳೆದ ವರ್ಷ ನಾನೇ ರೇಷನ್ ಕಾರ್ಡು ಮಾಡಿಸಿಕೊಟ್ಟ ಮುದುಕಿ. “ನೀನೂ ಪಾಳಿಗಿ ನಿಂತೀಯಾ ಯಪ್ಪಾ?” ಎಂದು ಮರುಗಿದಳು. ಮರುಕಕ್ಕಿಂತ ನಂದಾಳ ನಗೆ ವಾಸಿ.

ಬಾಯಿ ಸುತ್ತುಬಳಸು ಇಲ್ಲದ ಹೆಂಗಸು. ಸಾರಿಗೆಯವರು ಬಸ್ಸು ಬಿಡಲು ಒಂದು ಷರತ್ತು ಹಾಕಿದ್ದಾರೆ: ದಿನಕ್ಕೆ ನಲವತ್ತು ಪ್ರಯಾಣಿಕರು ಇದ್ದಾರೆಂದು ತೋರಿಸಬೇಕು. ಒಂದು ವಾರ ಎಣಿಸಬೇಕು.

“ನೀವು ಎಣಿಸ್ರಿ,” ಎಂದರು.

“ನಾನ?”

“ಎಣಿಸೋದು ನಿಮಗ ಬರತದ. ಅವತ್ತು ಎಷ್ಟು ಜನ ಇದ್ರು?”

“ಐನೂರು,” ಎಂದೆ.

ಅವರು ಪೆನ್ನಿನ ಟೋಪಿ ಮುಚ್ಚಿ ಕೆಳಗಿಟ್ಟರು.

“ಇನ್ನೂರ ಹದಿನಾಲ್ಕು,” ಎಂದೆ.

“ನಾನು ಇನ್ನೂರ ಹತ್ತು ಅಂದಾಜು ಮಾಡಿದ್ದೆ. ನಿಮ್ಮದ ಸರಿ ಇರಬೇಕು. ಕಂಡಷ್ಟ ಬರೀರಿ, ಗೋಪಪ್ಪ. ಹೆಚ್ಚು ಬ್ಯಾಡ, ಕಡಿಮಿನೂ ಬ್ಯಾಡ.”

ನಾನು ಒಪ್ಪಿದ್ದು ಬಸ್ಸಿಗಾಗಿ ಅಲ್ಲ. ಇದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ, ಬೇರೆ ಎಲ್ಲೂ ಒಪ್ಪುವುದಿಲ್ಲ. ಬಸ್ಸು ಬಂದರೆ ಅದು ಗೋಪಪ್ಪನಿಂದ ಬಂದಿರಬೇಕು. ಇಲ್ಲವಾದರೆ ಹದಿನೇಳನೆಯ ಟೋಕನ್ನೇ ಕೊನೆತನಕ.

ಸೆಪ್ಟೆಂಬರ್ 12, ಸೋಮವಾರ

ಚೌತಿ ಮುಗಿಯಿತು. ಎಣಿಕೆ ಶುರು.

ನಮ್ಮಲ್ಲಿ ಬಸ್ ಸ್ಟಾಪ್ ಇದೆ, ಬಸ್ಸಿಲ್ಲ. ಹನ್ನೊಂದು ವರ್ಷದ ಹಿಂದೆ ಆಗಿನ ಶಾಸಕರು ಕಟ್ಟಿಸಿದ ತಂಗುದಾಣ. ಉದ್ಘಾಟನೆಯ ಮೈಕು ನನ್ನದೇ. ಹಸಿರು ಬಣ್ಣ ಹೋಗಿದೆ, ಕಲ್ಲಿನ ಬೆಂಚು ಗಟ್ಟಿಯಾಗಿದೆ. ಆರೂಕಾಲಿನಿಂದ ಏಳರವರೆಗೆ ಕೂತೆ.

ಒಂಬತ್ತು ಮಂದಿ. ಕಲ್ಲಿನ ಲಾರಿಗೆ ಕೈ ಮಾಡುವವರು.

ಸೆಪ್ಟೆಂಬರ್ 13

ಹನ್ನೊಂದು.

ಸೆಪ್ಟೆಂಬರ್ 14

ಎಂಟು. ಅದರಲ್ಲಿ ಒಬ್ಬ ಲಾರಿ ಕ್ಲೀನರ್, ಈ ಊರವನೂ ಅಲ್ಲ.

ಮುನ್ನೂರು ಮನೆಯಲ್ಲಿ ಎಂಟು! ಕಾರ್ಖಾನೆಗೆ ಹೋಗುವ ಹೆಂಗಸರೇ ಹತ್ತಿರ ಹತ್ತಿರ ನಲವತ್ತು ಇದ್ದಾರೆ ಎಂದು ನನಗೆ ಗೊತ್ತು. ಅವರು ಸ್ಟಾಪಿಗೆ ಏಕೆ ಬರುತ್ತಿಲ್ಲ? ಜನಕ್ಕೆ ತಮ್ಮ ಕೆಲಸದ ಬಗ್ಗೆಯೇ ಕಾಳಜಿ ಇಲ್ಲ.

ಮನೆಯಾಕೆಗೆ ಇದನ್ನು ಹೇಳಿದೆ. “ಬಸ್ಸ ಬಾರದ ಕಡೆ ಯಾರ್ ನಿಲ್ಲತಾರ್ರಿ?” ಎಂದಳು, ಸೊಪ್ಪು ಬಿಡಿಸುತ್ತಲೇ. ಹೆಂಗಸರ ಮಾತು. ಆದರೂ ಕಿವಿಯಲ್ಲಿ ಉಳಿದಿದೆ.

ಸೆಪ್ಟೆಂಬರ್ 15, ಗುರುವಾರ

ಯೋಚಿಸಿದೆ. ಬಾಯಿ ಹೇಳಿದ್ದು “ಕಂಡಷ್ಟ ಬರೀರಿ” ಎಂದು. ಸರಿ. ಹಾಗಾದರೆ ಕಾಣುವುದನ್ನು ಹೆಚ್ಚಿಸಿದರಾಯಿತು. ಸುಳ್ಳು ಬರೆದಂತೆಯೂ ಆಗಲಿಲ್ಲ, ಕೆಲಸವೂ ಆಯಿತು.

ಪರಶುವಿಗೆ ಹೇಳಿದೆ. ಪರಶು ನನ್ನ ಎಡಗೈ. ಯಾವ ಸಭೆಗೆ ಎಷ್ಟು ಜನ ಬೇಕೆಂದರೂ ಒಂದು ತಾಸಿನಲ್ಲಿ ತರುವ ಪ್ರತಿಭೆ. “ಸಾರಿಗಿಯವರು ನಾಳೆ ತಪಾಸಣಿಗೆ ಬರತಾರಂತ. ಆರೂಕಾಲಕ್ಕ ಐವತ್ತು ಮಂದಿ ಸ್ಟಾಪಿನ್ಯಾಗ ಇರಬೇಕು,” ಎಂದೆ.

“ನಾಷ್ಟಾ?”

“ಉಪ್ಪಿಟ್ಟು, ಚಹಾ.”

“ಘೋಷಣಾ ಏನರ ಕೂಗೂದೈತೇನಣ್ಣಾ?”

“ಏನೂ ಕೂಗಬ್ಯಾಡ್ರಿ. ಸುಮ್ನ ನಿಲ್ರಿ. ಬಸ್ಸಿಗೆ ಕಾಯೋರು ಹೆಂಗ ನಿಲ್ಲತಾರ ಹಂಗ.”

ಪರಶು ತಲೆ ಕೆರೆದುಕೊಂಡ. ಬಸ್ಸಿಗೆ ಕಾಯುವವರು ಹೇಗೆ ನಿಲ್ಲುತ್ತಾರೆ ಎಂಬುದನ್ನು ಅವನೂ ಎಲ್ಲಿ ನೋಡಿದ್ದಾನೆ, ಪಾಪ.

ಸೆಪ್ಟೆಂಬರ್ 16, ಶುಕ್ರವಾರ

ಐವತ್ತೆರಡು ಮಂದಿ ಇದ್ದರು. ಕೆಲಸ ಬಿಟ್ಟ ಗೌಂಡಿಗಳು, ಸೊಂಟ ಹೋದವರು, ರಾತ್ರಿಪಾಳಿ ಮುಗಿಸಿದವರು, ಥಾವರಿಬಾಯಿಯ ವಾರಿಗೆಯ ಮುದುಕಿಯರು. ಇಬ್ಬರು ಮದುವೆಗೆ ಹೋಗುವ ಅಂಗಿ ಹಾಕಿದ್ದರು. ಎಲ್ಲರೂ ಫೋಟೊಗೆ ನಿಂತಂತೆ ಎರಡು ಸಾಲು ಮಾಡಿಕೊಂಡಿದ್ದರು. ಉಪ್ಪಿಟ್ಟಿನ ಪಾತ್ರೆ ಬೆಂಚಿನ ಹಿಂದೆ.

ಸಾರಿಗೆಯ ಇನ್‌ಸ್ಪೆಕ್ಟರ್ ಸೋಮನಾಥ ಎಂಬವರು ಕಾರವಾರದ ಕಡೆಯವರು. ಅವರು ಜೀಪಿನಲ್ಲಿ ಬರುತ್ತಾರೆಂದು ತಿಳಿದಿದ್ದೆ. ಅವರು ಬಸ್ಸಿನಲ್ಲಿ ಬಂದರು. ನಿಜವಾದ ಬಸ್ಸು. ಗುಡ್ಡದ ಮೇಲೆ ಮೊದಲ ಬಸ್ಸು! ಬಾಗಿಲಲ್ಲಿ ನಿಂತು ನಗುತ್ತ ಕೂಗಿದರು: “ಡಿಪೊದಲ್ಲಿ ಖಾಲಿ ಇತ್ತು, ರಸ್ತೆ ಹೇಗಿದೆ ನೋಡುವಾ ಎಂದು ತಂದೆ. ಹತ್ತಿ, ಹತ್ತಿ! ಇವತ್ತು ಎಸ್ಟೇಟಿಗೆ ಪುಕ್ಕಟೆ ಬಿಡ್ತೇನೆ.”

ಯಾರೂ ಹತ್ತಲಿಲ್ಲ.

ನಾನು ಪರಶುವಿನ ಪಕ್ಕಕ್ಕೆ ಸರಿದು, ತುಟಿ ಅಲ್ಲಾಡಿಸದೆ, “ಹತ್ತರಿ,” ಎಂದೆ.

“ಹತ್ತಿ ಎಲ್ಲಿಗಿ ಹೋಗೂದಣ್ಣಾ? ನಾಷ್ಟಾ ಇಲ್ಲೇ ಐತಿ.”

ಕೊನೆಗೆ ಗಂಗಪ್ಪಜ್ಜ ಒಬ್ಬನೇ ಹತ್ತಿದ. ಕೋಲು ಊರಿ ಮೇಲೆ ಹೋಗಿ, “ಸಾಂಖಳಿ ಸಂತಿಗಿ ಹೋಗತೈತೇನ್ರಿ?” ಎಂದು ಕೇಳಿದ. ಇಲ್ಲ, ಎಸ್ಟೇಟಿಗೆ, ಎಂದರು. “ಅಲ್ಲಿ ನಂದೇನೈತಿ?” ಎಂದು ಇಳಿದುಬಿಟ್ಟ.

ಸೋಮನಾಥರ ನಗು ಅಷ್ಟರಲ್ಲಿ ಹೋಗಿತ್ತು. ಜೇಬಿನಿಂದ ಚೀಟಿ ತೆಗೆದು ನನ್ನ ಕಣ್ಣೆದುರೇ ಬರೆದರು: ನಿಂತವರು ಐವತ್ತೆರಡು. ಹತ್ತಿದವರು ಸೊನ್ನೆ.

ಬಸ್ಸು ಖಾಲಿ ಇಳಿದು ಹೋಯಿತು. ನಮ್ಮವರು ಉಪ್ಪಿಟ್ಟು ತಿಂದರು.

ಸೆಪ್ಟೆಂಬರ್ 17

ಬರೆಯುವಂಥದ್ದೇನಿಲ್ಲ.

ಸೆಪ್ಟೆಂಬರ್ 19, ಸೋಮವಾರ

ಟೋಕನ್ ನಾಲ್ಕು. ಬೈಸಿಕೊಳ್ಳಲು ಬೇಗ ಹೋಗಿದ್ದೆ.

ಬಾಯಿ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಉತ್ತರ ಕೊಡುವುದರಲ್ಲಿ ನಾನು ಸೋತವನಲ್ಲ. ಅವರು ಒಂದು ಕಾಗದ ನನ್ನ ಕಡೆ ತಿರುಗಿಸಿದರು. ಸಾರಿಗೆಯವರು ಕಡತ ಮುಚ್ಚುವುದಾಗಿ ಬರೆದಿದ್ದರು.

“ಶನಿವಾರ ನಾನ ಅವರ ಮುಂದ ಹೋಗಿ ಕೂತೆ,” ಎಂದರು. “ಇನ್ನೊಂದು ಸಲ ಅವಕಾಶ ಕೊಡ್ರಿ ಅಂದೆ. ಚುನಾವಣಿಯಾಗ ಜನರ ಮುಂದ ಕೈ ಮುಗದಿದ್ದೆ. ಇದು ಹಂಗ ಇರಲಿಲ್ಲ. ಎಣಿಸೋಕೆ ಮುಂದಿನ ವಾರ ಮೂರು ದಿವಸ ಕೊಟ್ಟಾರ. ಪ್ರತಿಯೊಬ್ಬರ ಹೆಸರು, ವಯಸ್ಸು, ಎಲ್ಲಿ ಕೆಲಸ, ಸಹಿ ಇಲ್ಲಾ ಹೆಬ್ಬೆಟ್ಟು. ಕಾರ್ಖಾನಿಯ ಹಾಜರಿ ಜೊತಿ ತಾಳೆ ಹಾಕಿ ನೋಡ್ತಾರ. ಆಮ್ಯಾಲೆ ಆ ಪಟ್ಟಿ ಊರ ಮುಂದ ಓದಬೇಕು. ಯಾರರ ತಕರಾರು ಎತ್ತಿ, ಅದು ಖರೇ ಆದ್ರ ಆ ಹೆಸರು ಹೊಡದು ಹಾಕ್ತಾರ. ಯಾವುದೇ ಒಂದು ದಿನ ನಲವತ್ತಕ್ಕ ಒಂದು ಕಡಿಮಿ ಆದ್ರೂ ಮುಗೀತು. ನನ್ನ ಅವಧಿಯಾಗ ಈ ಬಸ್ಸ ಮತ್ತ ಕೇಳೋಕೆ ಆಗೂದಿಲ್ಲ.”

“ಬ್ಯಾರೆಯವರಿಗೆ ಹಚ್ರಿ ಬಾಯಿ,” ಎಂದೆ. ಮೂವತ್ತು ವರ್ಷದಲ್ಲಿ ಒಂದು ಕೆಲಸವನ್ನು ಬೇರೆಯವರಿಗೆ ಕೊಡಿ ಎಂದದ್ದು ಇದೇ ಮೊದಲು.

“ಕೆಡಿಸಿದವರ ಸರಿ ಮಾಡಬೇಕು,” ಎಂದು ಗಂಟೆ ಒತ್ತಿದರು. ಐದನೆಯ ಟೋಕನಿನವ ಒಳಗೆ ಬಂದ.

ಮನೆಗೆ ಬಂದು ಅಂಗಳದಲ್ಲಿ ಕೂತೆ. ಮನೆಯಾಕೆ ಚಹಾ ತಂದಳು. ಹೇಳಿಕೊಳ್ಳಲು ಬೇರೆ ಯಾರಿದ್ದಾರೆ? ಹೇಳಿದೆ. ಆಕೆ ಹೊಸ್ತಿಲ ಮೇಲೆ ಕಾಲು ನೀಡಿ ಕೂತು ಕೇಳಿದಳು.

“ನೀವು ನಿಂತೋರನ್ನ ಎಣಿಸಾಕ ಹೋದ್ರಿ. ನಡಿಯೋರನ್ನ ಎಣಿಸ್ರಿ,” ಎಂದಳು. “ನೀವು ಸ್ಟಾಪಿಗೆ ಹೋಗೂದು ಆರೂಕಾಲಕ್ಕ. ಆರೂವರಿಗೆ ಕೆಳಗ ಗೇಟ ಹಾಕತಾರ. ನಾವು ಐದೂಕಾಲಕ್ಕ ಖಣಿ ಬಾಜೂಕಿನ ದಾರಿ ಹಿಡದಿರತೀವಿ. ಆ ಸ್ಟಾಪ ನಮಗ ಅಡ್ಡೂ ಬರೂದಿಲ್ಲ.”

ಹದಿನಾಲ್ಕು ವರ್ಷ ಆಕೆ ಆ ಕಾರ್ಖಾನೆಗೆ ಹೋಗಿದ್ದಾಳೆ. ಯಾವ ದಾರಿಯಲ್ಲಿ ಎಂದು ನಾನು ಕೇಳಿರಲಿಲ್ಲ. ಆ ಹೊತ್ತಿಗೆ ನಾನು ಮಲಗಿರುತ್ತಿದ್ದೆ. ಸ್ಕೂಟರ್ ಅಂಗಳದಲ್ಲಿ ಇರುತ್ತಿತ್ತು.

ಸೆಪ್ಟೆಂಬರ್ 26, ಸೋಮವಾರ

ಐದಕ್ಕೆ ಎದ್ದೆ. ಖಣಿಯ ಅಂಚಿನ ಅರಳಿಗಿಡದ ಕೆಳಗೆ ಟಾರ್ಚು, ಹಾಜರಿ ಪುಸ್ತಕ ಹಿಡಿದು ನಿಂತೆ. ಹೆಂಗಸರು ಎರಡೆರಡು, ಮೂರು ಮೂರಾಗಿ ಬಂದರು. ನವರಾತ್ರಿಯ ಘಟಸ್ಥಾಪನೆಯ ದಿನವಾದ್ದರಿಂದ ಕೆಲವರು ಬರಿಗಾಲು. ಒಂಬತ್ತು ದಿನ ಚಪ್ಪಲಿ ಮೆಟ್ಟುವುದಿಲ್ಲವಂತೆ, ಆ ಜಲ್ಲಿಯ ಮೇಲೆ.

ನಂದಾ ನನ್ನನ್ನು ನೋಡಿ ನಿಂತಳು. “ಏನ್ ಗೋಪಣ್ಣಾ, ಇವತ್ತು ನಾಷ್ಟಾ ಏನೈತಿ?”

“ಏನೂ ಇಲ್ಲವಾ. ಹೆಸರು ಹೇಳಿ ಹೋಗ್ರಿ.”

“ನಿಂತ್ರ ಗೇಟ ಹಾಕತಾರ. ಬೇಕಾದ್ರ ನಡಕೊಂತ ಬರಕೋ.”

ನಡೆಯುತ್ತ ಬರೆದುಕೊಂಡೆ. ಹಳೆಯ ರೂಢಿಯಿಂದ ಪುಸ್ತಕದಲ್ಲಿ ಗಂಡನ ಹೆಸರಿಗೂ ಒಂದು ಕಾಲಂ ಎಳೆದಿದ್ದೆ. ಅದೇ ಫಜೀತಿಯಾಯಿತು. ನಮ್ಮಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿಯುವುದಿಲ್ಲ. ಅಂಬಿಕಾ ತನ್ನ ಹೆಸರು ಹೇಳಿ ಪಕ್ಕದವಳ ಪಕ್ಕೆಗೆ ತಿವಿದಳು. ಪಕ್ಕದವಳು ಅಂಬಿಕಾಳ ಗಂಡನ ಹೆಸರು ಹೇಳಿ ತನ್ನ ಗಂಡನದಕ್ಕೆ ಸುಮಲತಾಳನ್ನು ತಿವಿದಳು. ಹೀಗೆ ಒಬ್ಬರ ಗಂಡನನ್ನು ಇನ್ನೊಬ್ಬರು ಹೊತ್ತುಕೊಂಡು ಇಳಿದರು. ಸುಗರಾಬಿ ಒಬ್ಬಳೇ ಮೂವರ ಗಂಡಂದಿರನ್ನು ಹೇಳಿದಳು. ಕತ್ತಲಲ್ಲಿ ಎಲ್ಲರೂ ನಕ್ಕರು. ಅವರು ಇಷ್ಟು ನಗುತ್ತಾರೆಂದು ಗೊತ್ತಿರಲಿಲ್ಲ.

“ಬಸ್ಸಿನ್ಯಾಗ ಕುಂಡ್ರೂದು ನಾವು. ಅವ್ರ ಹೆಸರು ಯಾಕ?” ಎಂದಳು ನಂದಾ. ಕಾಲಂ ಹೊಡೆದು ಹಾಕಿದೆ.

ಇವರ ಮನೆಗಳ ಮತ ಎಷ್ಟೆಂದು ನನಗೆ ಬಾಯಿಪಾಠ. ಹೆಸರು ಮಾತ್ರ ಅರ್ಧಕ್ಕರ್ಧ ಇವತ್ತು ಬರೆದೆ. ಇಲ್ಲಿಯವರೆಗೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ನಡೆದಿತ್ತು.

ನಾಲ್ಕು ಕಿಲೋಮೀಟರ್. ಅರ್ಧ ದಾರಿಯಲ್ಲಿ, ಈ ಕಾಲುದಾರಿ ದೊಡ್ಡ ರಸ್ತೆಗೆ ಕೂಡುವಲ್ಲಿ ಒಂದು ಮೋರಿ ಇದೆ, ಮೇಲೆ ಚಪ್ಪಟೆ ಕಲ್ಲು. ಯಾರೂ ಅಲ್ಲಿ ಕೂರಲಿಲ್ಲ. ಸುಮಲತಾ ಕೈ ತೋರಿಸಿ, “ಕಾಕು ಅಲ್ಲಿ ಕುಂಡ್ರತಿದ್ಲು. ಅದು ಆಕಿ ಕಲ್ಲು,” ಎಂದಳು. ಯಾರ ಕಾಕು ಎಂದು ಕೇಳಿದೆ.

“ನಿಮ್ಮ ಮನಿಯಾಕಿರಿ.”

ನಲವತ್ತೆರಡು.

ಸೆಪ್ಟೆಂಬರ್ 27, ಮಂಗಳವಾರ

ನಲವತ್ತು. ಇಬ್ಬರು ಇಲ್ಲ. ಒಬ್ಬಳಿಗೆ ಜ್ವರ, ಒಬ್ಬಳ ಅತ್ತೆ ಊರಲ್ಲಿ ತೀರಿಕೊಂಡಳಂತೆ. ಕಾಲು ನೋಯುತ್ತಿದೆ. ಎರಡೇ ದಿನಕ್ಕೆ.

ಸಂಜೆ ಪರಶು ಬಂದಿದ್ದ. “ನಾಳೆ ಒಂದೆರಡು ಕಡಿಮಿ ಬಿದ್ರ ಮನಿಯಾಗಿನ ಹೆಸರು ಬರಕೋರಿ ಅಣ್ಣಾ. ಯಾರ ಅಪ್ಪಂದೇನು ಹೊಕ್ಕೈತಿ?” ಎಂದ. ಒಂದು ತಿಂಗಳ ಹಿಂದೆ ಇದೇ ಮಾತನ್ನು ನಾನು ಅವನಿಗೆ ಹೇಳುತ್ತಿದ್ದೆ. ಇಲ್ಲವೋ ಎಂದೆ. ಅವನು ಚಹಾ ಕುಡಿಯದೆ ಎದ್ದು ಹೋದ.

ಮನೆಯಾಕೆ ಒಳಗಿನಿಂದ ಕೇಳಿಸಿಕೊಂಡಿರಬೇಕು. ಎಷ್ಟಾಯಿತು ಎಂದಳು. ನಲವತ್ತು, ಬರೋಬ್ಬರಿ ಅಂಚಿನ ಮೇಲೆ, ಎಂದೆ. ಎಣ್ಣೆ ಕಾಸಿ ಮೊಣಕಾಲಿಗೆ ಹಚ್ಚಿಕೊಂಡಳು. ನನಗೂ ಹಚ್ಚಿದಳು.

ಸೆಪ್ಟೆಂಬರ್ 28, ಬುಧವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಅರಳಿಗಿಡದ ಕೆಳಗೆ ನಿಂತಿದ್ದೆ. ಐದೂಕಾಲಕ್ಕೆ ಮೂವತ್ತೊಂಬತ್ತು ಸಹಿ, ಹೆಬ್ಬೆಟ್ಟು ಬಿದ್ದಿದ್ದವು. ನಿನ್ನೆಯ ಇಬ್ಬರು ಇವತ್ತೂ ಇಲ್ಲ. ಸುಗರಾಬಿಯೂ ಬರಲಿಲ್ಲ, ಮಗುವಿಗೆ ವಾಂತಿ, ವಾಳಪೈ ಆಸ್ಪತ್ರೆಗೆ ಹೋದಳು. ಇನ್ನೂ ಮೂರು ನಿಮಿಷ ಕಾದೆ. ಹೆಂಗಸರು ಇಳಿಯತೊಡಗಿದರು. ನಂದಾ ತಿರುಗಿ, “ಎಷ್ಟು?” ಎಂದಳು. ಹೇಳಿದೆ. ಆಕೆ ದಾರಿಯ ಮೇಲಕ್ಕೊಮ್ಮೆ ನೋಡಿ ಮುಂದೆ ನಡೆದಳು.

ಪುಸ್ತಕದಲ್ಲಿ ನಲವತ್ತನೆಯ ಸಾಲು ಖಾಲಿ. ಬರೆಯಲು ಒಂದು ಹೆಸರು, ಒತ್ತಲು ಒಂದು ಹೆಬ್ಬೆಟ್ಟು. ನನ್ನ ಹೆಬ್ಬೆಟ್ಟನ್ನೇ ಒತ್ತಿದರೂ ಯಾರಿಗೆ ತಿಳಿಯುತ್ತದೆ? ಇಂಥ ಕೆಲಸ ಎಷ್ಟೋ ಸಲ ಮಾಡಿದ್ದೇನೆ. ಇವತ್ತು ಆ ಸಾಲಿನ ಮೇಲೆ ಅಡ್ಡಗೆರೆ ಎಳೆಯಬೇಕೆಂದು ಪೆನ್ನು ಇಟ್ಟೆ.

ಹಿಂದಿನಿಂದ ಕೋಲಿನ ಸದ್ದು. ಮನೆಯಾಕೆ. ಕೆಲಸದ ಸೀರೆ, ಮೇಲೊಂದು ಗಂಡಸರ ಅಂಗಿ, ಕೈಯಲ್ಲಿ ಡಬ್ಬಿ.

“ನೀ ಎಲ್ಲಿಗಿ?”

“ಕೆಲಸಕ್ಕ.”

“ಎಣಿಕಿ ಸಲುವಾಗಿ ಬಂದಿಯೇನು? ಹಂಗಿದ್ರ ಬ್ಯಾಡ. ಅದು ಪರಶುನ ಮಂದಿಗತೆ ಆಕ್ಕೈತಿ. ನಾ ಬರಿಯೂದಿಲ್ಲ.”

“ನಾ ಕೆಲಸಕ್ಕ ಹೊಂಟೀನಿ. ಈ ತಿಂಗಳ ಕೊನಿಗಿ ನನ್ನ ಬಿಲ್ಲೆ ಕಸಗೊಂಡು ಕೆಲಸದಿಂದ ತಗಿತಾರಂತ. ಎಣಿಸೂದು ಬಿಡೂದು ನಿಮ್ದು.”

ಸ್ಕೂಟರ್ ತರುತ್ತೇನೆ ಎಂದೆ. “ಇಷ್ಟು ವರ್ಷನೂ ಇತ್ತಲ್ಲ ಆ ಸ್ಕೂಟರ,” ಎಂದಳು. ಮುಂದೆ ನಡೆದಳು.

ಗೇಟಿನವರೆಗೆ ಹೋದರೆ ಮಾತ್ರ ಬರೆಯುವುದು ಎಂದು ನಿರ್ಧರಿಸಿ ಹಿಂದೆ ನಡೆದೆ. ನಂದಾ ನಮಗಾಗಿ ನಿಂತಳು. ಹೋಗು, ನಿನಗೂ ತಡವಾಗುತ್ತದೆ ಎಂದರೆ, “ನೀ ಬರೆಯೋ ಪುಸ್ತಕಕ್ಕ ಸಾಕ್ಷಿ ಬೇಕಾಕ್ಕೈತಿ, ಗೋಪಣ್ಣಾ. ನಿನ್ನ ಹೆಸರಿಗಿ ಅಷ್ಟು ಬಾಕಿ ಐತಿ,” ಎಂದಳು.

ಇಳಿಜಾರಿನಲ್ಲಿ ಮನೆಯಾಕೆ ಅಡ್ಡಡ್ಡ ಇಳಿಯುತ್ತಾಳೆ, ಏಡಿಯ ಹಾಗೆ. ನೋವಿನ ಕಾಲನ್ನು ಮೊದಲು ಇಟ್ಟು, ಒಳ್ಳೆಯ ಕಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಾಳೆ. ಮನೆಯ ನಾಲ್ಕು ಹೆಜ್ಜೆಯಲ್ಲಿ ಇದು ಕಾಣುವುದಿಲ್ಲ. ಮೂರು ಕಡೆ ಕೂತಳು. ಮೋರಿಯ ಕಲ್ಲಿನ ಮೇಲೆ ಕೂತಾಗ ಕೈಯಿಂದ ಕಲ್ಲನ್ನು ಒಮ್ಮೆ ಸವರಿದಳು. ನಾನು ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಬೆಳಕು ಹರಿಯಿತು.

“ಏಳಸ್ರಿ,” ಎಂದು ಕೈ ಕೊಟ್ಟಳು.

ಗೇಟು ಮುಟ್ಟಿದಾಗ ಆರು ಐವತ್ತೆರಡು. ಇಪ್ಪತ್ತೆರಡು ನಿಮಿಷ ತಡ. ಕಾವಲುಗಾರ ಅರ್ಧ ಪಾಳಿ ಎಂದು ಬರೆದು ಒಳಗೆ ಬಿಟ್ಟ. ಪಕ್ಕದ ಕಾರ್ಖಾನೆಯ ಗೇಟಿನಲ್ಲಿ ನಂದಾಳಿಗೂ ಅದೇ.

ಒಳಗೆ ಹೋಗುವ ಮುನ್ನ ಪುಸ್ತಕ ಒಡ್ಡಿದೆ. ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದಳು. ಸಣ್ಣ ಅಕ್ಷರ, ಉರುಟಾಗಿ. ಆಕೆಗೆ ಸಹಿ ಬರುತ್ತದೆ.

ನಲವತ್ತು.

ಅಕ್ಟೋಬರ್ 2, ಭಾನುವಾರ

ಚಾವಣಿಯಿಲ್ಲದ ಸಮುದಾಯ ಭವನದಲ್ಲಿ ಸಭೆ. ಬಾಯಿ, ಸೋಮನಾಥರು, ನಮ್ಮವರು. ಎಷ್ಟು ಮಂದಿ ಎಂದು ಎಣಿಸಲಿಲ್ಲ. ಕೈಯಲ್ಲಿ ಮೈಕಿತ್ತು, ಮೈಕಿನಲ್ಲಿ ಓದಲು ಪಟ್ಟಿ ಮಾತ್ರ. ಒಗ್ಗರಣೆಗೆ ಜಾಗವಿಲ್ಲದ ಅಡುಗೆ.

ಮೊದಲ ದಿನದ ನಲವತ್ತೆರಡು ಓದಿದೆ. ತಕರಾರಿಲ್ಲ. ಎರಡನೆಯ ದಿನದ ನಲವತ್ತು ಓದಿದೆ. ತಕರಾರಿಲ್ಲ. ತಮ್ಮ ಹೆಸರು ಮೈಕಿನಲ್ಲಿ ಬಂದಾಗ ಹೆಂಗಸರು ಸೆರಗು ಸರಿಪಡಿಸಿಕೊಳ್ಳುತ್ತಿದ್ದರು.

ಮೂರನೆಯ ದಿನ. ಮೂವತ್ತೊಂಬತ್ತರವರೆಗೆ ಬಂದು ನಿಂತೆ. ಮೂವತ್ತಮೂರು ವರ್ಷದ ಸಂಸಾರದಲ್ಲಿ ಆಕೆ ನನ್ನ ಹೆಸರು ಹಿಡಿದವಳಲ್ಲ, ನಾನು ಆಕೆಯದು ಹಿಡಿದವನಲ್ಲ. “ಏ ಇವಳ” ಎಂದರೆ ತಿರುಗುತ್ತಾಳೆ.

“ನಲವತ್ತು,” ಎಂದೆ. “ನಮ್ಮ ಮನಿಯಾಕಿ.”

ಹಿಂದಿನಿಂದ ಪರಶು ಎದ್ದ. “ತಕರಾರು ಐತ್ರಿ! ಅವ್ರು ಮೂರು ತಿಂಗಳಾತು ಕೆಲಸಕ್ಕ ಹೋಗಿಲ್ಲ. ಒಂದು ಕಡಿಮಿ ಬಿದ್ದದ್ದಕ್ಕ ಅಣ್ಣ ಮನಿಯಾಗಿನ ಹೆಸರು ಬರಕೊಂಡಾನ. ಅವನ ಕೈ ನನಗ ಗೊತ್ತಿಲ್ಲೇನು?”

ಸಭೆ ನನ್ನ ಕಡೆ ನೋಡಿತು. ಅವರೆಲ್ಲ ಅವನನ್ನು ನಂಬಿದ್ದರು. ನಾನು ಆ ಕಡೆ ಕೂತಿದ್ದರೆ ನಾನೂ ನಂಬುತ್ತಿದ್ದೆ.

ನಂದಾ ಎದ್ದಳು. “ಆಕಿ ಮೂರು ಕಡೆ ಕುಂತಾಳ, ಮೂರು ಕಡೆ ಎದ್ದಾಳ. ನಾ ಜೋಡಿ ನಡದೀನಿ. ನನಗೂ ಅರ್ಧ ಪಾಳಿ ಹೋಗೈತಿ. ಬೇಕಾದ್ರ ಗೇಟಿನ್ಯಾಗ ಕೇಳ್ರಿ.”

ಸೋಮನಾಥರು ತಮ್ಮ ಕಾಗದ ತಿರುವಿ ಹಾಕಿ, “ಗೇರು ಕಾರ್ಖಾನೆ, ಇಪ್ಪತ್ತೆಂಟನೇ ತಾರೀಕು, ಇಪ್ಪತ್ತೆರಡು ನಿಮಿಷ ತಡ ಅಂತ ಒಬ್ಬರದಿದೆ,” ಎಂದರು. “ಆದರೆ ಹೆಸರು ತಾಳೆಯಾಗಬೇಕಲ್ಲ. ಮನೆಯಾಕೆ ಅಂತ ಯಾರ ಹೆಸರೂ ಇಲ್ಲ ಇಲ್ಲಿ.”

ಬಾಯಿ ನನ್ನನ್ನು ನೋಡಿದರು. “ಓದ್ರಿ ಗೋಪಪ್ಪ. ಪಟ್ಟಿಯಾಗ ಏನದ ಅದನ್ನ.”

ಆಕೆ ಹೆಂಗಸರ ನಡುವೆ ಕಂಬಕ್ಕೆ ಒರಗಿ, ಕಾಲು ನೀಡಿ ಕೂತಿದ್ದಳು. ತಲೆ ತಗ್ಗಿಸಿದ್ದಳು.

“ಒಡಪು ಹಚ್ಚಿ ಹೇಳು ಗೋಪಣ್ಣಾ!” ಎಂದು ಯಾರೋ ಕೂಗಿದರು. ಮದುವೆಯಲ್ಲಿ ಮದುಮಕ್ಕಳಿಗೆ ಹಾಗೆ ಕಾಡುತ್ತಾರೆ, ಪದ ಕಟ್ಟಿ ಹೆಸರು ಹೇಳು ಎಂದು. ಹೆಂಗಸರು ನಕ್ಕರು.

ಒಡಪು ಬರಲ್ಲ ನನಗೆ ಎಂದಲ್ಲ. ಊರ ಮದುವೆಗಳಿಗೆಲ್ಲ ಕಟ್ಟಿಕೊಟ್ಟವನು ನಾನು. ಇವತ್ತು ಬರಲಿಲ್ಲ. ಬರೀ ಹೆಸರು ಬಂತು.

“ಭಾಗವ್ವ,” ಎಂದೆ. “ವಯಸ್ಸು ಐವತ್ತೊಂದು. ಗೇರುಬೀಜದ ಕಾರ್ಖಾನೆ. ನಡೆದು ಹೋದವರು.”

ಮೈಕು ಹಳೆಯದು, ಒಂದು ಮಾತನ್ನು ಎರಡು ಸಲ ಹೇಳುತ್ತದೆ. ಖಣಿಯ ಗೋಡೆಗೆ ತಾಗಿ ಆ ಹೆಸರು ಮತ್ತೆ ಬಂತು.

ಸೋಮನಾಥರು ತಮ್ಮ ಕಾಗದದ ಮೇಲೆ ಒಂದು ಗೆರೆ ಹಾಕಿ, “ತಾಳೆ ಆಯ್ತು,” ಎಂದರು.

ಮನೆಗೆ ನಿಧಾನವಾಗಿ ಬಂದೆವು. ಬಾಗಿಲ ಬಳಿ ಆಕೆ, “ಐವತ್ತೊಂದಲ್ಲ, ಐವತ್ತಮೂರು,” ಎಂದಳು. ಸಹಿ ಮಾಡುವಾಗ ಹೇಳಬಾರದಿತ್ತೇ ಎಂದೆ. “ನೀವು ಕೇಳಲಿಲ್ಲ.”

ಅಕ್ಟೋಬರ್ 3

ಟೋಕನ್ ಆರು. ವಯಸ್ಸು ತಿದ್ದಿಸಿ ಬಂದೆ.

ನವೆಂಬರ್ 14, ಸೋಮವಾರ

ಐದು ಐವತ್ತಕ್ಕೆ ಬಸ್ಸು ಬಂತು. ಆರು ತಿಂಗಳ ಮಟ್ಟಿಗೆ, ಆಮೇಲೆ ಮತ್ತೆ ನೋಡುತ್ತಾರಂತೆ. ಉದ್ಘಾಟನೆ ಬೇಡ ಎಂದರು ಬಾಯಿ. ರಿಬ್ಬನ್ನಿಲ್ಲ, ಮೈಕಿಲ್ಲ. ಪರಶು ಬಂದು ದೂರದಲ್ಲಿ ನಿಂತಿದ್ದ, ಅವನ ಹೆಂಡತಿಯೂ ಇದೇ ಬಸ್ಸಿಗೆ.

ಹೆಂಗಸರು ಹತ್ತಿದರು. ಕಂಡಕ್ಟರ್ ಮೆಟ್ಟಿಲ ಮೇಲಿಂದ ನನ್ನನ್ನು ಮುಕಾದಮನೆಂದು ಗುರುತಿಸಿ, ಒಟ್ಟು ಎಷ್ಟು ಜನ ಎಂದು ಕೇಳಿದ.

“ನೀವ ಎಣಿಸ್ಕೋರಿ,” ಎಂದೆ.

ಮೆಟ್ಟಿಲು ಎತ್ತರ. ಭಾಗವ್ವನನ್ನು ನಂದಾ ಮೇಲಿಂದ ಎಳೆದಳು, ನಾನು ಕೆಳಗಿಂದ ಆನಿಸಿ ಹಿಡಿದೆ. ಎರಡನೆಯ ಸಾಲು, ಕಿಟಕಿ. ನಾನು ಹತ್ತಲಿಲ್ಲ. ಎಸ್ಟೇಟಿನಲ್ಲಿ ನನ್ನದೇನಿದೆ? ಹನ್ನೊಂದು ವರ್ಷದ ಹಿಂದೆ ನನ್ನ ಮೈಕಿನಲ್ಲಿ ಉದ್ಘಾಟನೆಯಾದ ಬೆಂಚಿನ ಮೇಲೆ ಕೂತು ನೋಡಿದೆ. ಮೋರಿಯ ತಿರುವಿನಲ್ಲಿ ಹಿಂದಿನ ಕೆಂಪು ದೀಪ ಮರೆಯಾಗುವವರೆಗೆ ನಾಲ್ಕು ನಿಮಿಷ. ಅಲ್ಲಿಯವರೆಗೆ ಆಕೆಯ ನಡಿಗೆಗೆ ಐವತ್ತು.

ಮೂರೂವರೆಗೆ ವಾಪಸ್ ಬರುತ್ತದೆ. ಚಹಾಕ್ಕೆ ಹಾಲು ತಂದಿಡಬೇಕು.